ಒತ್ತಿದ್ದು ಒಂದು, ಬಂದದ್ದು ಇನ್ನೊಂದು: ಕೀಬೋರ್ಡ್ ಬದಲಿಸೋ ಮೊದಲು

ನಾನು ಮಾತಾಡ್ತಿರೋದು ನಾಗಪುರದ ಹತ್ತಿರದ ಖಾಪರಖೇಡಾದಿಂದ. 1340 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇರೋ ಊರು. ಹೆಂಡತಿಯ ಕೆಲಸ ಈ ಕಡೆ, ನಾನು ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೋಡ್ ಬರೆಯೋನು. ಇವತ್ತಿನ ವಿಷಯ: ಲ್ಯಾಪ್‌ಟಾಪ್‌ನಲ್ಲಿ ಒಂದು ಕೀ ಒತ್ತಿದರೆ ಇನ್ನೊಂದು ಅಕ್ಷರ ಬರೋದು.

ಮೊದಲು ಒಂದು ಮಾತು ತಿಳ್ಕೊಳ್ಳಿ. ಕೀಗೆ ಅಕ್ಷರ ಗೊತ್ತಿಲ್ಲ. ಅದು ಕಳಿಸೋದು ತಾನಿರೋ ಜಾಗದ ಒಂದು ಸಂಕೇತವನ್ನು ಮಾತ್ರ. ಆ ಸಂಕೇತಕ್ಕೆ ಯಾವ ಅಕ್ಷರ ಅಂತ ತೀರ್ಮಾನ ಮಾಡೋದು ವಿಂಡೋಸ್ ಅಥವಾ ಲಿನಕ್ಸ್ ಒಳಗಿರೋ ಒಂದು ಪಟ್ಟಿ. ಅದಕ್ಕೇ ಲೇಔಟ್ ಅನ್ನೋದು. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಪ್ರತಿ ಸಲ ಅದೇ ತಪ್ಪು ಅಕ್ಷರ ಬರುತ್ತಾ? ಹೌದು ಅಂದರೆ ಬಹುತೇಕ ಪಟ್ಟಿ ಬದಲಾಗಿದೆ, ಕೀಬೋರ್ಡ್ ಚೆನ್ನಾಗೇ ಇದೆ.

ಕೆಲವು ಗುರುತುಗಳನ್ನ ಹೇಳ್ತೀನಿ. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಯು, ಐ, ಓ ಒತ್ತಿದರೆ 4, 5, 6 ಬಂತಾ? ನಮ್ ಲಾಕ್ ಆನ್ ಆಗಿದೆ, ಆಫ್ ಮಾಡಿ. ಇಮೇಲ್‌ನ ಅಟ್ ಚಿಹ್ನೆ ಒತ್ತಿದರೆ ಉದ್ಧರಣ ಚಿಹ್ನೆ ಬಂತಾ? ಅಮೆರಿಕದ ಇಂಗ್ಲಿಷ್ ಹೋಗಿ ಬ್ರಿಟನ್ನಿನ ಇಂಗ್ಲಿಷ್ ಕೂತಿದೆ. ವೈ ಮತ್ತು ಝಡ್ ಅದಲುಬದಲಾದರೆ ಜರ್ಮನ್ ಲೇಔಟ್. ಮ್ಯೂನಿಕ್‌ನಲ್ಲಿರೋ ಗೆಳೆಯರಿಗೆ ಇದು ಹೊಸದಲ್ಲ. ವಿಂಡೋಸ್ ಕೀ ಜತೆ ಸ್ಪೇಸ್ ಒತ್ತಿದರೆ ಲೇಔಟ್ ಬದಲಾಗುತ್ತೆ. ಬೆರಳು ತಾಗಿಯೂ ಬದಲಾಗಿರಬಹುದು. ಪಾಸ್‌ವರ್ಡ್ ಹಾಕುವಾಗ ಚುಕ್ಕಿ ಮಾತ್ರ ಕಾಣೋದ್ರಿಂದ ಇದು ತಿಳಿಯೋದೇ ಇಲ್ಲ. ಮೂರು ಸಲ ತಪ್ಪಿ ಖಾತೆ ಲಾಕ್ ಆಗೋ ಮುಂಚೆ, ಕಣ್ಣಿನ ಚಿಹ್ನೆ ಒತ್ತಿ ಏನು ಬೀಳ್ತಿದೆ ನೋಡಿ.

ಕನ್ನಡದಲ್ಲಿ ಟೈಪ್ ಮಾಡೋರಿಗೆ ಇನ್ನೊಂದು ತೊಡಕಿದೆ. ಗದಗದಲ್ಲಿರೋ ನಮ್ಮ ಸೋದರತ್ತೆ ನಿವೃತ್ತ ಶಿಕ್ಷಕಿ. ಶಾಲೆಯ ಕಾಲದಿಂದಲೂ ನುಡಿ ತಂತ್ರಾಂಶದಲ್ಲಿ ಬರೆದೋರು. ಈಗ ತಮ್ಮ ನೆನಪುಗಳನ್ನ ಬರೀತಿದ್ದಾರೆ. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿಕೊಟ್ಟ ಮೇಲೆ ‘ಮನೆ’ ಅಂತ ಒತ್ತಿದರೆ ‘ಸಲಾ’ ಅಂತ ಬರೋಕೆ ಶುರುವಾಯ್ತು. ಕೀಬೋರ್ಡ್ ಬದಲಿಸ್ಬೇಕು ಅಂದರಂತೆ. ಅತ್ತೆ ಫೋನ್‌ನಲ್ಲಿ ಹೇಳಿದ್ದು ಬೇರೆ: “ತಮ್ಮಾ, ಯಾವ ಅಕ್ಷರ ಎಲ್ಲಿ ಅದಾವ ಅನ್ನೂದ ನನಗ ಮರ್ತ್ ಹೋಗೇತಿ ನೋಡಪಾ. ವಯಸ್ಸಾತು.” ಒಂದು ವಾರದಿಂದ ಬರೆಯೋದನ್ನೇ ನಿಲ್ಲಿಸಿಬಿಟ್ಟಿದ್ದರು.

ಅವರ ನೆನಪು ಸರಿಯಾಗೇ ಇತ್ತು. ನುಡಿಯಲ್ಲಿರೋದು ಕೆ. ಪಿ. ರಾವ್ ಅವರ ವಿನ್ಯಾಸ, ಉಚ್ಚಾರಣೆ ಹಿಡಿದು ಹೋಗೋದು: ಎಂ ಒತ್ತಿದರೆ ಮ, ಎನ್ ಒತ್ತಿದರೆ ನ. ವಿಂಡೋಸ್‌ನಲ್ಲಿ ‘ಕನ್ನಡ’ ಅಂತಷ್ಟೇ ಹೆಸರಿರೋದು ಇನ್‌ಸ್ಕ್ರಿಪ್ಟ್. ಅದರಲ್ಲಿ ಎಂ ಅಂದರೆ ಸ, ಎನ್ ಅಂದರೆ ಲ, ಇ ಒತ್ತಿದರೆ ದೀರ್ಘ. ‘ಮನೆ’ ‘ಸಲಾ’ ಆದದ್ದು ಹೀಗೆ. ತಮಾಷೆ ಅಂದರೆ ಎರಡರಲ್ಲೂ ಕೆ ಒತ್ತಿದರೆ ಕ-ನೇ ಬರುತ್ತೆ. ಒಂದು ಸರಿ, ಉಳಿದದ್ದು ತಪ್ಪು ಆದಾಗ ಯಾರಿಗಾದರೂ ತಲೆ ಕೆಡುತ್ತೆ.

ಇನ್‌ಸ್ಕ್ರಿಪ್ಟ್ ಕೆಟ್ಟದ್ದು ಅಂತಲ್ಲ. 1991ರ ಭಾರತೀಯ ಮಾನಕದಲ್ಲೇ ಅದಕ್ಕೆ ಜಾಗ ಸಿಕ್ಕಿದೆ. ಭಾರತೀಯ ಭಾಷೆಗಳಲ್ಲಿ ಒಂದೇ ಧ್ವನಿಗೆ ಒಂದೇ ಕೀ. ಇಲ್ಲಿ ನನ್ನ ಪಕ್ಕದ ಮನೆಯವರು ಮರಾಠಿ ‘ಸ’ ಬರೆಯೋ ಕೀಯಲ್ಲೇ ಕನ್ನಡದ ‘ಸ’ ಕೂಡ ಇದೆ. ಆದರೆ ಬೆರಳಿಗೆ ಒಂದು ವಿನ್ಯಾಸ ರೂಢಿ ಆದ ಮೇಲೆ ಇನ್ನೊಂದು ಪರಭಾಷೆ ಇದ್ದಂಗೆ. ವಿಡಿಯೋ ಕಾಲ್‌ನಲ್ಲಿ ನುಡಿ ಮತ್ತೆ ಹಾಕಿಸಿದೆ. ಅದು ಉಚಿತ. ಲಿನಕ್ಸ್‌ನಲ್ಲಾದರೆ ‘ಕಗಪ’ ಅನ್ನೋ ಲೇಔಟ್ ಆರಿಸಿ.

ನಿಜವಾಗಿ ಕೀಬೋರ್ಡೇ ಹೋಗಿರೋದು ಯಾವಾಗ? ತಪ್ಪು ಪ್ರತಿ ಸಲ ಬೇರೆ ಬೇರೆ ಥರ ಇದ್ದಾಗ. ನಮ್ಮೂರಲ್ಲಿ ಮೇಜಿನ ಮೇಲೆ ಧೂಳು ಕೂರೋದು ಹೆಚ್ಚು. ಧೂಳು ಸಿಕ್ಕಿದರೆ ಕೀ ಕೆಲಸ ಮಾಡದೆ ಹೋಗಬಹುದು, ಒಂದೇ ಅಕ್ಷರ ಎರಡು ಸಲ ಬೀಳಬಹುದು; ಆದರೆ ‘ಮ’ ಹೋಗಿ ಪ್ರತಿ ಸಲ ‘ಸ’ ಬರಲ್ಲ. ಚಹಾ ಚೆಲ್ಲಿದರೆ ಕತೆ ಬೇರೆ. ಕೀಗಳ ಕೆಳಗೆ ಅಡ್ಡ, ಉದ್ದ ತಂತಿಗಳ ಬಲೆ ಇರುತ್ತೆ. ಎರಡು ತಂತಿ ಕೂಡಿಕೊಂಡರೆ ಒಂದು ಒತ್ತಿದಾಗ ಎರಡು ಮೂರು ಅಕ್ಷರ ಬರುತ್ತೆ. ಅನುಮಾನ ಇದ್ದರೆ ಹೊರಗಿನ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ನೋಡಿ. ಅದರಲ್ಲೂ ಅದೇ ತಪ್ಪು ಬಂದರೆ ಸೆಟಿಂಗ್ ನೋಡಿ. ಬರದಿದ್ದರೆ ರಿಪೇರಿಗೆ ಕೊಡಿ.

ಊರಲ್ಲಿರೋ ಹಿರಿಯರಿಗೆ ಲ್ಯಾಪ್‌ಟಾಪ್ ಕೊಟ್ಟೋರು ಎರಡು ಕೆಲಸ ಮಾಡಿ. ಬೇಡದ ಲೇಔಟ್‌ಗಳನ್ನ ತೆಗೆದುಹಾಕಿ. ಅವರು ಬಳಸೋ ಲೇಔಟ್‌ನ ಹೆಸರನ್ನ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ತಳಕ್ಕೆ ಅಂಟಿಸಿ. ಮುಂದಿನ ಸಲ ಅಂಗಡಿಯವರು ಏನೇ ಹಾಕಿಕೊಟ್ಟರೂ, ತಪ್ಪು ತಮ್ಮದಲ್ಲ ಅಂತ ಅವರಿಗೆ ಗೊತ್ತಿರುತ್ತೆ.