ಸೀತನಿಯ ದಿನಗಳು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಚಳಿಗಾಲ ಬಂದಿತೆಂದರೆ ನನಗೆ ನನ್ನ ಬೋರ್ಡಿಂಗಿನ ದಿನಗಳ ನೆನಪಾಗುತ್ತದೆ. 1992ರ ಸುಮಾರಿಗೆ ನಾನು ಅಕ್ಕಲಕೋಟೆ ತಾಲೂಕಿನ ಒಂದು ವಿದ್ಯಾರ್ಥಿನಿಲಯದಲ್ಲಿದ್ದು ಕನ್ನಡ ಶಾಲೆಯಲ್ಲಿ ಓದುತ್ತಿದ್ದೆನು. ಉಣ್ಣೆಯ ಅಂಗಿ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಒಂದು ಕಂಬಳಿಯಲ್ಲಿ ಇಬ್ಬರು ಮಲಗುತ್ತಿದ್ದೆವು. ಆದರೂ ನಮಗೆ ಅತ್ಯಂತ ಪ್ರಿಯವಾದುದು ಚಳಿಗಾಲವೇ.

ಕಾರಣವನ್ನು ಇಲ್ಲಿಯ ಒಕ್ಕಲುತನದ ಪಾಲಕರಿಗೆ ಹೇಳಬೇಕಾಗಿಲ್ಲ. ನಮ್ಮ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತುವುದು ಸಪ್ಟೆಂಬರ್-ಅಕ್ಟೋಬರಿನಲ್ಲಿ. ಆಮೇಲೆ ಮಳೆ ಬಾರದಿದ್ದರೂ ನೆಲದ ಹಸಿಯಿಂದಲೇ ಬೆಳೆ ಮೇಲೇಳುತ್ತದೆ. ಡಿಸೆಂಬರಿನ ಕೊನೆಗೆ ಹಾಲುಗಾಳು ತುಸು ಗಟ್ಟಿಯಾಗುತ್ತದೆ. ಅದೇ ಸೀತನಿಯ ಕಾಲ. ಕುಳ್ಳಿನ ಕೆಂಡದಲ್ಲಿ ತೆನೆಯನ್ನು ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಬಿಸಿಯಿರುವಾಗಲೇ ಬೆಲ್ಲ ಮತ್ತು ಶೇಂಗಾ ಹಿಂಡಿಯೊಡನೆ ತಿನ್ನುವ ಸುಖವನ್ನು ಬಲ್ಲವರೇ ಬಲ್ಲರು.

ಒಂದು ಬೆಳುದಿಂಗಳ ರಾತ್ರಿ ನಾವು ಐವರು ನಿಲಯದ ಗೋಡೆ ಹಾರಿ ಹಿಂದಿನ ಹೊಲವನ್ನು ಹೊಕ್ಕೆವು. ಕೈಗೆ ಸಿಕ್ಕ ತೆನೆಯನ್ನು ಮುರಿದೆವು. ಸುಟ್ಟು ತಿಂದು, ಸಾಲುಸಾಲಾಗಿ ಓಡಾಡಿ, ಇದೇ ಸ್ವಾತಂತ್ರ್ಯವೆಂದು ಹಿಗ್ಗಿದೆವು. ಬೆಳಗಾಗುತ್ತಲೇ ಆ ಹೊಲದ ಒಡೆಯರಾದ ವೃದ್ಧರು ಮುರಿದ ದಂಟುಗಳನ್ನು ಹೊತ್ತು ತಂದು ನಿಲಯದ ಅಂಗಳದಲ್ಲಿ ಇಳಿಸಿದರು. ಅವರು ಬೈಯಲಿಲ್ಲ. “ತಿಂದದ್ದು ಹುಡುಗರ ಹೊಟ್ಟಿಗೆ ಹೋತ್ರಿ ಗುರುಗಳ, ಬ್ಯಾಸರಿಲ್ಲ. ತುಳದದ್ದು ಯಾರ ಹೊಟ್ಟಿಗೂ ಹೋಗಲಿಲ್ಲ” ಎಂದಷ್ಟೇ ನುಡಿದರು.

ಗೃಹಪಾಲಕರು ಬೆತ್ತವನ್ನು ಎತ್ತಲಿಲ್ಲ. ಬೆಳೆ ಕೊಯ್ಲಿಗೆ ಬರುವವರೆಗೆ ದಿನವೂ ನಸುಕಿನಲ್ಲಿ ಆ ಹೊಲದ ಹಕ್ಕಿ ಕಾಯಬೇಕೆಂದು ನಮಗೆ ಆಜ್ಞೆ ಮಾಡಿದರು. ಶಿಕ್ಷೆಯೆಂದು ಹೋದವರಿಗೆ ಅದು ಹಬ್ಬವೇ ಆಯಿತು. ಅಟ್ಟಣಿಗೆಯನ್ನೇರಿ ಕವಣೆ ಬೀಸುವುದು, ಗಿಳಿ ಗುಬ್ಬಿಗಳನ್ನು ಎಬ್ಬಿಸುವುದು, ಬೆಂಕಿಯ ಸುತ್ತ ಕುಳಿತು ಆ ಅಜ್ಜನವರ ಬಾಯಿಂದ ಹಂತಿಯ ಹಾಡು, ಒಗಟುಗಳನ್ನು ಕೇಳುವುದು! ಸಂಕ್ರಾಂತಿಗೆ ನಮ್ಮನ್ನು ಸೊಲ್ಲಾಪುರದ ಶ್ರೀ ಸಿದ್ಧರಾಮೇಶ್ವರರ ಜಾತ್ರೆಗೆ ಕರೆದೊಯ್ದು ಏಳು ನಂದಿಧ್ವಜಗಳ ಮೆರವಣಿಗೆಯನ್ನು ತೋರಿಸಿದವರೂ ಅವರೇ. ಪಠ್ಯಪುಸ್ತಕದಲ್ಲಿಲ್ಲದ ಎಷ್ಟೋ ಕನ್ನಡ ಮಾತುಗಳನ್ನು ನಾನು ಕಲಿತುದು ಆ ಅಟ್ಟಣಿಗೆಯ ಮೇಲೆ. ಅಕ್ಷರ ಬಾರದ ಆ ಹಿರಿಯರನ್ನು ನನ್ನ ಕನ್ನಡ ಗುರುಗಳಲ್ಲಿ ಒಬ್ಬರೆಂದೇ ಇಂದಿಗೂ ಎಣಿಸುತ್ತೇನೆ.

ರಾಶಿಯಾದ ಮೇಲೆ ಅವರು ಹಕ್ಕಿ ಕಾಯ್ದ ಕೂಲಿಯೆಂದು ಒಂದು ಚೀಲ ಜೋಳವನ್ನು ನಿಲಯಕ್ಕೆ ಕಳುಹಿಸಿದರು. ಆ ರೊಟ್ಟಿಯನ್ನು ಮುರಿಯುವಾಗ ನಮ್ಮೈವರ ತಲೆ ತಗ್ಗಿದ್ದಿತು.

ಗೋಡೆ ಹಾರಿ ಪಡೆದ ಸ್ವಾತಂತ್ರ್ಯ ಒಂದು ರಾತ್ರಿಯದು. ಹೊಣೆ ಹೊತ್ತು ಪಡೆದುದು ಚಳಿಗಾಲವಿಡೀ ಉಳಿಯಿತು. ಪಾಲಕರೆ, ಇಂದು ನಿಮ್ಮ ಮಕ್ಕಳ ಬಿಡುವನ್ನು ಟ್ಯೂಶನ್ನೂ ಮೊಬೈಲೂ ಹಂಚಿಕೊಂಡಿವೆ. ಈ ಚಳಿಗಾಲದಲ್ಲಿ ಒಂದು ರವಿವಾರವನ್ನಾದರೂ ಅವರಿಗೆ ಬಿಟ್ಟುಕೊಡಿರಿ. ಹೊಲದ ಹಿರಿಯರ ಬಳಿಗೆ ಕಳುಹಿಸಿರಿ. ಮಕ್ಕಳೆ, ನೀವೂ ಹೋಗಿರಿ. ಆದರೆ ಗೋಡೆ ಹಾರಿ ಅಲ್ಲ, ಬಾಗಿಲಿನಿಂದ ಹೋಗಿರಿ. ಕೇಳಿ ತಿನ್ನಿರಿ, ತುಳಿಯದೆ ನಡೆಯಿರಿ.