ಎರಡು ಸಮೋವಾಗಳು



ಶಾಂತಸಾಗರದ ದಕ್ಷಿಣಭಾಗದಲ್ಲಿ ಸಮೋವಾ ಎಂಬ ದ್ವೀಪಸಮೂಹವೊಂದುಂಟು. ಒಂದೇ ಜನ, ಒಂದೇ ನುಡಿ, ಒಂದೇ ಆಚಾರವಿದ್ದ ಈ ದ್ವೀಪಗಳನ್ನು ಪರರಾಷ್ಟ್ರಗಳು 1899ರಲ್ಲಿ ಹಂಚಿಕೊಂಡುದರಿಂದ ಪೂರ್ವಭಾಗವು ಅಮೆರಿಕದ ನೌಕಾಪಡೆಯ ಆಡಳಿತಕ್ಕೆ ಸೇರಿತು. ಪಶ್ಚಿಮಭಾಗವು ಜರ್ಮನಿಯ ಪಾಲಾಗಿ, 1914ರಲ್ಲಿ ಯುದ್ಧ ಹೂಡಿದೊಡನೆಯೇ ನ್ಯೂಜಿಲೆಂಡಿನ ಸೇನೆಯ ವಶವಾಯಿತು. ಎರಡಕ್ಕೂ ನಡುವೆ ಇದ್ದುದು ಸುಮಾರು 40 ಮೈಲಿ ನೀರು.

1918ರ ಅಕ್ಟೋಬರ್ ಕಡೆಯಲ್ಲಿ, ಇನ್‌ಫ್ಲುಯೆಂಜಾ ಹಬ್ಬಿದ್ದ ಆಕ್ಲೆಂಡ್ ನಗರದಿಂದ ಹೊರಟ ‘ಟಾಲೂನ್’ ಎಂಬ ಹಡಗು, ದಾರಿಯಲ್ಲಿ ಫಿಜಿಯ ಸುವಾ ಬಂದರಿನಲ್ಲಿ ಕ್ವಾರಂಟೈನಿಗೆ ಒಳಗಾಗಿದ್ದರೂ, ಆ ಸಂಗತಿಯನ್ನು ಪಶ್ಚಿಮ ಸಮೋವಾದ ಬಂದರು ವೈದ್ಯಾಧಿಕಾರಿಗೆ ಅರುಹದೆ ನವೆಂಬರ್ 7ರಂದು ಆಪಿಯಾದಲ್ಲಿ ಲಂಗರು ಹಾಕಿತು. ರೋಗಿಗಳೂ ಸೇರಿದಂತೆ ಪ್ರಯಾಣಿಕರು ನಿರ್ಬಾಧವಾಗಿ ದಡವನ್ನೇರಿದರು. ಮುಂದಿನ ಕೆಲವು ವಾರಗಳಲ್ಲಿ ಸುಮಾರು 38,000 ಜನರ ಆ ನಾಡಿನಲ್ಲಿ 8,500 ಮಂದಿಯಷ್ಟು ಮೃತರಾದರು. ಐವರಲ್ಲಿ ಒಬ್ಬರಿಗಿಂತಲೂ ಹೆಚ್ಚು. ಮನೆಮಂದಿಯೆಲ್ಲ ಏಕಕಾಲದಲ್ಲಿ ಹಾಸಿಗೆ ಹಿಡಿದುದರಿಂದ ತೋಟದ ಗೆಡ್ಡೆಯನ್ನು ಅಗೆದು ತರುವವರಾಗಲಿ, ಬೇಯಿಸಿ ಬಡಿಸುವವರಾಗಲಿ ಇರಲಿಲ್ಲವಾಗಿ, ಜ್ವರದಿಂದ ಉಳಿಯಬಹುದಾಗಿದ್ದವರೂ ಉಪಚಾರವಿಲ್ಲದೆ ಅಳಿದರು. ಹೆಣಗಳನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳಬೇಕಾಯಿತು.

ಅತ್ತ ಅಮೆರಿಕದ ಸಮೋವಾದ ಪಾಗೊಪಾಗೊವಿನಲ್ಲಿದ್ದ ಗವರ್ನರ್ ಜಾನ್ ಪೋಯರ್ ಎಂಬಾತನು ತಂತಿರಹಿತ ಸುದ್ದಿಗಳಿಂದ ವ್ಯಾಧಿಯ ಗತಿಯನ್ನು ತಿಳಿದು, ಬರುವ ಹಡಗುಗಳನ್ನೆಲ್ಲ ತಡೆದು ನಿಲ್ಲಿಸಿದನು. ಆಪಿಯಾದಿಂದ ಬಂದ ಅಂಚೆಯನ್ನೂ ಒಳಕ್ಕೆ ಬಿಡಲಿಲ್ಲ. ಆದರೆ ನನ್ನ ಎಣಿಕೆಯಲ್ಲಿ ಇದಕ್ಕಿಂತ ಮಿಗಿಲಾದುದು ಬೇರೊಂದು. ದೊಡ್ಡ ಹಡಗನ್ನು ಬಂದರಿನಲ್ಲಿ ತಡೆಯುವುದು ಅಧಿಕಾರಿಗೆ ಸಾಧ್ಯ. ಬಂಧುಗಳನ್ನು ಕಾಣುವ ಆತುರದಿಂದ ರಾತ್ರಿಯಲ್ಲಿ ಹುಟ್ಟುಹಾಕಿ ಬರುವ ದೋಣಿಯನ್ನು ತಡೆಯುವುದು ತೀರದ ಜನರಿಗೆ ಮಾತ್ರ ಸಾಧ್ಯ. ಪೋಯರನು ಗ್ರಾಮಗಳ ನಾಯಕರನ್ನು ಒಪ್ಪಿಸಿದನು. ಅವರ ಜನರೇ ಕಡಲ ಕಾವಲು ಕಾದರು. ಆ ನೆಲದಲ್ಲಿ ಈ ಮಾರಿಯಿಂದ ಸತ್ತವರು ಒಬ್ಬರೂ ಇಲ್ಲ. ರೋಗದ ವೈರಾಣುವನ್ನು ವಿಜ್ಞಾನಿಗಳು ಮನುಷ್ಯರಿಂದ ಬೇರ್ಪಡಿಸಿದುದು 1933ರಲ್ಲಿ ಎಂಬುದನ್ನು ನೆನೆದರೆ, ಅಲ್ಲಿ ಕೆಲಸ ಮಾಡಿದುದು ಔಷಧವಲ್ಲವೆಂಬುದು ಸ್ಪಷ್ಟ. ದ್ವೀಪವಾದುದರಿಂದ ಇದು ಸಾಧ್ಯವಾಯಿತೆಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ, ರೈಲುಹಳಿಗಳ ನಾಡಿನಲ್ಲಿ ಇಂತಹ ಬೇಲಿ ನಿಲ್ಲುವುದಿಲ್ಲ. ಆದರೆ ಪಶ್ಚಿಮ ಸಮೋವಾವೂ ದ್ವೀಪವೇ ಆಗಿತ್ತಷ್ಟೆ!

ಪೋಯರನು ನೀಡಬಯಸಿದ ಸಹಾಯವು ನೆರೆಯ ಆಡಳಿತಾಧಿಕಾರಿ ಕರ್ನಲ್ ರಾಬರ್ಟ್ ಲೋಗನ್‌ನ ಉಪೇಕ್ಷೆಗೆ ಗುರಿಯಾಯಿತು. ತಮ್ಮ ಅಂಚೆಯನ್ನು ನಿರಾಕರಿಸಿದರೆಂದು ಸಿಡುಕಿದ ಆತನು ಪಾಗೊಪಾಗೊವಿನೊಡನೆ ತಂತಿರಹಿತ ಸಂಪರ್ಕವನ್ನೇ ಕಡಿಸಿದನು. ರೋಗಾಣುವಿನ ಅಜ್ಞಾನವನ್ನು ಕ್ಷಮಿಸಬಹುದು, ಈ ಅಹಂಕಾರವನ್ನು ಕ್ಷಮಿಸಲಾಗದು. 1919ರಲ್ಲಿ ವಿಚಾರಣಾ ಆಯೋಗವೊಂದು ಕುಳಿತು ಆಡಳಿತದ ಲೋಪಗಳನ್ನು ಎತ್ತಿ ತೋರಿಸಿತು. ಸಮೋವಾದ ಜನರಾದರೋ ಅದನ್ನು ಮರೆಯಲಿಲ್ಲ. ನ್ಯೂಜಿಲೆಂಡಿನ ಆಳ್ವಿಕೆಗೆ ವಿರುದ್ಧವಾಗಿ ಮುಂದೆ ಬಲಗೊಂಡ ‘ಮೌ’ ಚಳವಳಿಯ ಹಿಂದೆ ಈ ಅಸಮಾಧಾನವೂ ಇತ್ತು. ನಾಡು ಸ್ವತಂತ್ರವಾದುದು 1962ರಲ್ಲಿ. ಅದಾಗಿ 40 ವರ್ಷಗಳ ಮೇಲೆ, 2002ರ ಜೂನಿನಲ್ಲಿ, ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಅವರು ಆಪಿಯಾಕ್ಕೆ ಬಂದು ಸಮೋವಾದ ಜನರಲ್ಲಿ ಅಧಿಕೃತವಾಗಿ ಕ್ಷಮೆ ಯಾಚಿಸಿದರು.