ಹಬ್ಬುವ ಹಸುರಿಗೆ ಅಗಳು

ಕನ್ನಡದಲ್ಲಿ 'ಕಳೆ' ಎಂಬುದು ಒಂದು ವಿಚಿತ್ರವಾದ ಶಬ್ದ. ಮುಖದ ಕಳೆ ಎಂದಾಗ ಅದು ಕಾಂತಿ. ಸಂಸ್ಕೃತದ 'ಕಲಾ' ಶಬ್ದದ ತದ್ಭವ. ಗದ್ದೆಯ ಕಳೆ ಎಂದಾಗ ಅದು ಅಚ್ಚಗನ್ನಡ. ತೆಗೆದುಹಾಕು, ಹೋಗಲಾಡಿಸು ಎಂಬರ್ಥದ ಧಾತುವಿಗೆ ಸೇರಿದ್ದು. ಬೇಡದ ಗಿಡಕ್ಕೆ ನಮ್ಮ ಹಿರಿಯರು ಅದರ ಎಲೆಯನ್ನೋ ಹೂವನ್ನೋ ನೋಡಿ ಹೆಸರಿಡಲಿಲ್ಲ. ಅದಕ್ಕೆ ನಾವು ಮಾಡತಕ್ಕ ಕೆಲಸದಿಂದಲೇ ಹೆಸರಿಟ್ಟರು. ಮನೆಯಂಗಳಕ್ಕೆ ಕಾಂತಿಯೆಂದು ತಂದ ಕಳೆಯೇ ಕೆಲವು ವರ್ಷಗಳಲ್ಲಿ ಕೀಳಬೇಕಾದ ಕಳೆಯಾಗುವುದುಂಟು. ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಎರಡನೆಯ ಬಗೆಯ ಕಳೆಯನ್ನು ಕುರಿತು.

ವಿಷಯಕ್ಕೆ ಬರುವ ಮೊದಲು ಮಕ್ಕಳ ಒಂದು ಆಟದ ಮಾತು. 2011ರಲ್ಲಿ ಅಮೆರಿಕದ ರಿ-ಲಾಜಿಕ್ ಎಂಬ ಸಂಸ್ಥೆ ಹೊರತಂದ ಈ ಆಟದ ಹೆಸರು ಟೆರೇರಿಯ. ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಆಡುವಂತಹುದು. ನಿಮ್ಮ ಮನೆಯ ಹುಡುಗರು ಬಲ್ಲರು. ಅಲ್ಲಿ ಆಟಗಾರನಿಗೆ ಒಂದು ಲೋಕವನ್ನೇ ಒಪ್ಪಿಸಿಬಿಡುತ್ತಾರೆ. ಅವನು ನೆಲ ಅಗೆಯಬಹುದು, ಮನೆ ಕಟ್ಟಬಹುದು, ಕೋಟೆ ಎಬ್ಬಿಸಬಹುದು. ಆದರೆ ಆ ಲೋಕದಲ್ಲಿ ಎಲ್ಲಿಯೋ ಒಂದೆಡೆ ನೇರಳೆ ಬಣ್ಣದ ಅಥವಾ ರಕ್ತವರ್ಣದ ಕೆಟ್ಟ ನೆಲವುಂಟು. ಅದು ಸುಮ್ಮನೆ ಬಿದ್ದಿರುವಂಥದಲ್ಲ. ಹುಲ್ಲು, ಕಲ್ಲು, ಮರಳು ಎನ್ನದೆ ಚೌಕದಿಂದ ಚೌಕಕ್ಕೆ ಹಬ್ಬುತ್ತ ಒಳ್ಳೆಯ ನೆಲವನ್ನು ತನ್ನಂತೆಯೇ ಮಾಡಿಕೊಳ್ಳುತ್ತದೆ.

ಈ ಆಟದಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹಬ್ಬುವಿಕೆಯನ್ನು ತಡೆಯಲು ಮಕ್ಕಳು ಕಂದಕ ತೋಡುತ್ತಾರೆ. ಕೆಟ್ಟ ನೆಲ ಮೂರು ಚೌಕಗಳಷ್ಟು ದೂರಕ್ಕೆ ಕೈಚಾಚಬಲ್ಲುದಾದ್ದರಿಂದ, ಬಲ್ಲವರು ಐದಾರು ಚೌಕಗಳ ಅಗಲ ಬಿಡುತ್ತಾರೆ. ಎರಡನೆಯದು, ಆಟಗಾರನು ಪಾತಾಳದ ದೊಡ್ಡ ರಾಕ್ಷಸನನ್ನು ಕೊಂದು ಗೆದ್ದ ಮೇಲೆಯೇ ಈ ಪಿಡುಗು ಉಗ್ರವಾಗುತ್ತದೆ. ಗೆಲವೇ ಆಪತ್ತಿಗೆ ಬಾಗಿಲು. ಮೂರನೆಯದು, ಅದೇ ಹೊತ್ತಿಗೆ ಕಾಮನಬಿಲ್ಲಿನ ಬಣ್ಣಗಳ, 'ಹ್ಯಾಲೊ' ಎಂಬ ಪುನೀತ ಹೆಸರಿನ ಇನ್ನೊಂದು ನೆಲವೂ ಹುಟ್ಟುತ್ತದೆ. ನೋಡಲು ಬಹು ಚೆಲುವು, ಆದರೆ ಅದೂ ಹಬ್ಬುತ್ತದೆ, ಅಲ್ಲಿಯೂ ಹಗೆಗಳಿವೆ. ನಾಲ್ಕನೆಯದು, ಅಲ್ಲಿರುವ ವನದೇವತೆಯೊಬ್ಬಳು, ಕೇಳಿದರೆ, ಲೋಕದಲ್ಲಿ ನೂರಕ್ಕೆ ಎಷ್ಟು ಪಾಲು ಕೆಟ್ಟಿದೆಯೆಂದು ಲೆಕ್ಕ ಹೇಳುತ್ತಾಳೆ.

ಇದು ಆಟ. ಇನ್ನು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಿಜವಾದ ನೆಲವನ್ನು ನೋಡೋಣ.

ಹಬ್ಬುವವುಗಳಲ್ಲಿ ಮೊದಲ ಹೆಸರು ಕಮ್ಯುನಿಸ್ಟ್ ಗಿಡದ್ದು. ಶಾಸ್ತ್ರಜ್ಞರು ಅದನ್ನು ಕ್ರೋಮೊಲೀನ ಓಡೊರೇಟ ಎನ್ನುತ್ತಾರೆ. ಎಲೆ ಹಿಸುಕಿದರೆ ಘಾಟು ವಾಸನೆ. ಚಳಿಗಾಲದಲ್ಲಿ ಮಸುಕು ಬಿಳಿಯ ಹೂಗೊಂಚಲು. ತವರು ಅಮೆರಿಕ ಖಂಡದ ಉಷ್ಣಪ್ರದೇಶ. 1840ರ ದಶಕದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಬಂದು, ಬಂಗಾಳ ಅಸ್ಸಾಮುಗಳಲ್ಲಿ ಬೇರೂರಿ, ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಪಶ್ಚಿಮ ಕರಾವಳಿಯನ್ನು ಹಿಡಿಯಿತು. ಅದರ ಜೊತೆಗಾರ ಕಾಂಗ್ರೆಸ್ ಹುಲ್ಲನ್ನು, ಅಂದರೆ ಪಾರ್ಥೇನಿಯಮನ್ನು, 1955ರಲ್ಲಿ ಪುಣೆಯಲ್ಲಿ ಗುರುತಿಸಿದರು. ಎರಡು ಪಕ್ಷಗಳ ಹೆಸರನ್ನು ಎರಡು ಕಳೆಗಳಿಗೆ ಕಟ್ಟಿದ್ದು ಜನರ ವಿನೋದ. ಗಿಡಗಳಿಗೆ ಯಾವ ಪಕ್ಷವೂ ಇಲ್ಲ. ತೆರವಾದ ನೆಲವೊಂದೇ ಅವುಗಳಿಗೆ ಬೇಕಾದದ್ದು.

ಇದರಿಂದ ನಮಗಾದ ನಷ್ಟವೇನು? ನಿಮ್ಮ ಊರಿನ ಗುಡ್ಡೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಮಾಡಿಗೆ ಹೊದಿಸಲು ಮುಳಿಹುಲ್ಲು ಕೊಡುತ್ತಿದ್ದುದು ಅದು. ಹಟ್ಟಿಗೆ ಸೊಪ್ಪು, ಅಡಕೆಮರದ ಬುಡಕ್ಕೆ ತರಗೆಲೆ, ದನಗಳಿಗೆ ಮೇವು, ಶಾಲೆ ಬಿಟ್ಟ ಮಕ್ಕಳ ಜೇಬಿಗೆ ಕುಂಟಲ, ಕೇಪುಳದ ಹಣ್ಣು, ಎಲ್ಲವೂ ಅಲ್ಲಿಂದ. ಆಟಿ ಸೋಣದ ಮಳೆಯಲ್ಲಿ ಮುರಕಲ್ಲಿನ ಪದವುಗಳ ಮೇಲೆ ಕಿರುಬೆರಳ ಉಗುರಿನಷ್ಟು ಪುಟ್ಟ ನೀಲಿ ಹೂಗಳು ಅರಳುತ್ತಿದ್ದವು. ಎಲ್ಲಿ ಕಮ್ಯುನಿಸ್ಟ್ ಗಿಡ ಆಳೆತ್ತರ ಎದ್ದಿತೋ ಅಲ್ಲಿ ಇವೊಂದೂ ಉಳಿಯಲಿಲ್ಲ. ದನ ಅದಕ್ಕೆ ಬಾಯಿ ಹಾಕದು. ಬೇಸಗೆಯಲ್ಲಿ ಒಣಗಿ ನಿಂತ ಅದರ ಪೊದೆಗೆ ಕಿಡಿ ತಗಲಿದರೆ ಗುಡ್ಡೆಗೆ ಗುಡ್ಡೆಯೇ ಉರಿಯುತ್ತದೆ. ಉರಿದ ಮೇಲೆ ಮೊದಲು ಚಿಗುರುವುದು ಅದರ ಬುಡವೇ. ಕೃತಜ್ಞತೆಯಿಂದ ಇನ್ನೊಂದು ಮಾತನ್ನೂ ಹೇಳಬೇಕು: ಕತ್ತಿ ತಾಗಿದ ಗಾಯಕ್ಕೆ ಅದರ ರಸ ಹಿಂಡಿದವರು ನಮ್ಮಲ್ಲಿ ಅನೇಕರು, ತೋಟಕ್ಕೆ ಅದರ ಸೊಪ್ಪು ಒಳ್ಳೆಯ ಗೊಬ್ಬರ. ಹಗೆಯಲ್ಲಿಯೂ ಗುಣವುಂಟು. ಗುಣವನ್ನು ಬಳಸಿಕೊಳ್ಳುವ ಕಾಲವನ್ನು ಮಾತ್ರ ತಪ್ಪಿಸಬಾರದು.

ಆ ಕಾಲ ಯಾವುದು? ಇದಕ್ಕೆ ಉತ್ತರ ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿಯೇ ಉಂಟು. ನಮ್ಮ ಸೀಮೆಯಲ್ಲಿ ದೇವೀಮಹಾತ್ಮ್ಯೆಯ ಬಯಲಾಟವನ್ನು ನೋಡದವರು ಯಾರು? ರಕ್ತಬೀಜನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ತೊಟ್ಟು ರಕ್ತದಿಂದಲೂ ಅವನಂತಹ ಇನ್ನೊಬ್ಬ ರಕ್ಕಸ ಏಳುತ್ತಾನೆ. ಕಡಿದಷ್ಟೂ ಹೆಚ್ಚು. ಕೊನೆಗೆ ಕಾಳಿ ನಾಲಗೆ ಚಾಚಿ, ರಕ್ತ ನೆಲವನ್ನು ಮುಟ್ಟುವ ಮೊದಲೇ ಹೀರಿಬಿಡುತ್ತಾಳೆ. ಆಗ ಮಾತ್ರ ಅವನು ಸಾಯುತ್ತಾನೆ. ಕಳೆ ಕೀಳುವವನಿಗೆ ಇದಕ್ಕಿಂತ ದೊಡ್ಡ ಶಾಸ್ತ್ರವಿಲ್ಲ. ಬಲಿತ ಒಂದು ಕಮ್ಯುನಿಸ್ಟ್ ಗಿಡ ಹತ್ತಾರು ಸಾವಿರ ಬೀಜಗಳನ್ನು ಬಿಡಬಲ್ಲುದು. ಹೂ ಬಿಡುವುದು ಧನು ಮಕರ ಮಾಸಗಳಲ್ಲಿ. ಬೀಜ ಹಾರುವುದು ಅದರ ಬೆನ್ನಿಗೆ. ಆದ್ದರಿಂದ ದೀಪಾವಳಿ ಕಳೆದು, ಮಳೆಯ ತೇವ ಮಣ್ಣಿನಲ್ಲಿ ಇನ್ನೂ ಇರುವಾಗ, ತುಳುವರ ಜಾರ್ದೆ ತಿಂಗಳು ಮುಗಿಯುವುದರೊಳಗೆ ಬುಡಸಮೇತ ಕಿತ್ತರೆ ಗಿಡವೂ ಹೋಯಿತು, ಸೊಪ್ಪೂ ದಕ್ಕಿತು. ಬೀಜ ಉದುರಿದ ಮೇಲೆ ಸವರಿದರೆ ರಕ್ತಬೀಜನನ್ನು ನೆಲದ ಮೇಲೆ ಕಡಿದಂತೆಯೇ ಸರಿ.

ಇನ್ನು ಕಂದಕದ ಮಾತು. ನಮ್ಮ ಹಳೆಯ ತೋಟಗಳ ಸುತ್ತ ಅಗಳು ತೋಡುವ ಪದ್ಧತಿ ಉಂಟಷ್ಟೆ. ಗಡಿಯ ಗುರುತೂ ಹೌದು, ದನ ನುಗ್ಗದಂತೆ ತಡೆಯೂ ಹೌದು. ನೆಲದ ಮೇಲೆ ಹರಿಯುವ ಬಳ್ಳಿಗಳಿಗೆ ಅಗಳು ಈಗಲೂ ಒಳ್ಳೆಯ ತಡೆ. ರಬ್ಬರ್ ತೋಟಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ಮ್ಯುಕುನ ಎಂಬ ಹೊದಿಕೆಬಳ್ಳಿಯನ್ನು ಹಬ್ಬಿಸುವುದುಂಟು. ತೋಟದೊಳಗಿರುವಷ್ಟು ದಿನ ಅದು ಆಳು. ಗಡಿ ದಾಟಿ ಕಾಡಿನ ಮರವನ್ನೇರಿದ ದಿನ ಅದು ಅರಸು. ಅಂತಹ ಕಡೆ ಎಲ್ಲೆಯಲ್ಲಿ ಅಗಳು ತೆಗೆದು ಆಗಾಗ ಅದರ ತಳವನ್ನು ಸವರಿದರೆ ಸಾಕು. ಆದರೆ ಗಾಳಿಯಲ್ಲಿ ತೇಲುವ ಬೀಜಕ್ಕೆ, ಹಕ್ಕಿಯ ಹೊಟ್ಟೆಯಲ್ಲಿ ಸಾಗುವ ಲಂಟಾನದ ಬೀಜಕ್ಕೆ, ಲಾರಿಯ ಮಣ್ಣಿನಲ್ಲಿ ಊರಿಂದೂರಿಗೆ ಹೋಗುವ ಬೀಜಕ್ಕೆ ಯಾವ ಅಗಳು ಅಡ್ಡಿ? ಇಲ್ಲಿ ಆಟ ಬೇರೆ, ನಿಜ ಬೇರೆ.

ಹಾಗಾದರೆ ಗಾಳಿಯ ಬೀಜಕ್ಕೆ ತಡೆಯೇ ಇಲ್ಲವೆ? ಉಂಟು, ಅದು ನೆರಳು. ಕಮ್ಯುನಿಸ್ಟ್ ಗಿಡ ಬಿಸಿಲಿನ ಮಗು. ಮರಗಳ ತಲೆಗಳು ಒಂದನ್ನೊಂದು ಕೂಡಿ ನಿಂತ ಕಾಡಿನೊಳಗೆ ಅದರ ಬೀಜ ಬಿದ್ದರೂ ಏಳಿಗೆಯಿಲ್ಲ. ನಮ್ಮ ಹಳೆಯ ನಾಗಬನದ ಎದುರು ನಿಂತು ನೋಡಿ: ಬೇಲಿಯ ಹೊರಗೆ ಆಳೆತ್ತರದ ಕಳೆ, ಒಳಗಿನ ಕತ್ತಲಲ್ಲಿ ನಮ್ಮ ನೆಲದ್ದೇ ಆದ ಗಿಡ, ಬಳ್ಳಿ. ಬನವನ್ನು ಕಡಿದು ಸುತ್ತ ಸಿಮೆಂಟು ಹಾಸಿದರೆ ದೇವರಿಗೆ ಕಟ್ಟೆ ಕಟ್ಟಿದಂತಾಗಬಹುದು. ಕಳೆಗೆ ಇದ್ದ ಕಟ್ಟೆ ಒಡೆದಂತೆಯೂ ಆಗುತ್ತದೆ.

ಗೆಲವಿನ ಮೇಲೆ ಪಿಡುಗು ಉಗ್ರವಾಗುತ್ತದೆಂದೆನಲ್ಲ, ಅದು ನಿಜ ಜೀವನಕ್ಕೂ ಸಲ್ಲುವ ಮಾತು. ನಾವು ಗುಡ್ಡೆಯನ್ನು ಗೆದ್ದೆವು. ಒಂದು ತಿಂಗಳ ಕೆಲಸವನ್ನು ಜೆಸಿಬಿ ಒಂದು ದಿನದಲ್ಲಿ ಮಾಡಿತು. ರಸ್ತೆ ಅಗಲವಾಯಿತು, ಮನೆಯ ನಿವೇಶನ ಸಮತಟ್ಟಾಯಿತು. ಆದರೆ ಬಗೆದ ಕೆಂಪು ಮಣ್ಣಿನ ಮೇಲೆ ಮೊದಲ ಮಳೆಗೆ ಏಳುವವರು ಯಾರು? ಗಾಳಿಗೆ ಕಾದು ಕುಳಿತಿದ್ದ ಈ ಅನ್ಯರೇ. ಚಾರ್ಮಾಡಿ ಘಾಟಿಯಂತಹ ಹಾದಿಗಳು ಊರಿನ ಕಳೆಗೆ ಕುದುರೆಮುಖದ ಹುಲ್ಲುಗಾವಲಿನತ್ತ ಹೋಗಲು ರಾಜಮಾರ್ಗವಾಗಬಲ್ಲವು. ಮಣ್ಣು ಬಗೆದವನು ಆ ಮಳೆಗಾಲದಲ್ಲೇ ಅಲ್ಲಿ ನಮ್ಮ ನೆಲದ ಹುಲ್ಲನ್ನೋ ಮರವನ್ನೋ ನೆಡುವುದು ಕೆಲಸದ ಕೊನೆಯ ಭಾಗವೆಂದು ತಿಳಿಯಬೇಕು, ಬೇರೆಯ ಪುಣ್ಯಕಾರ್ಯವೆಂದಲ್ಲ.

ಚೆಲುವಿನ ಮಾತಿಗೆ ಬರೋಣ. ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಗೆ ತಂದದ್ದು ಹೂವಿನ ಅಂದಕ್ಕೆ; ಬೇಲಿಗೆ ಒಳ್ಳೆಯದೆಂದು ನೆಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಿತು. ತೆಳುನೇರಳೆ ಹೂವಿನ ಅಂತರಗಂಗೆ ದಕ್ಷಿಣ ಅಮೆರಿಕದ್ದು. ಅದನ್ನೂ ಅಂದಕ್ಕಾಗಿ ಬೆಳೆಸಿದರು. ಬಂಗಾಳದ ಹೊಳೆಗಳು ಅದರಿಂದ ಕಟ್ಟಿಹೋದವು. ಇಂದಿಗೂ ಪೇಟೆಯ ಮನೆಗಳ ಅಂಗಳದಲ್ಲಿ ಹಳದಿ ಹೂವಿನ ವೆಡೇಲಿಯ ಬಳ್ಳಿ ಹಾಸುತ್ತೇವೆ. ಕತ್ತರಿಸಿದ ತುಂಡನ್ನು ತೋಡಿನ ಬದಿಗೆ ಎಸೆಯುತ್ತೇವೆ. ಅದು ಅಲ್ಲಿಯೇ ಬೇರು ಬಿಟ್ಟು ಸಂಸಾರ ಹೂಡುತ್ತದೆ. ಮೀನಿನ ಗಾಜಿನ ಪೆಟ್ಟಿಗೆಯಲ್ಲಿ ಬೇಸರವಾದ ನೀರುಗಿಡವನ್ನು ಕೆರೆಗೆ ಸುರಿಯುತ್ತೇವೆ.

ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂಬ ಮಾತುಂಟಲ್ಲವೆ? ಕೆರೆಯ ಲೆಕ್ಕವೊಂದನ್ನು ಹಾಕೋಣ. ಅನುಕೂಲ ಸಿಕ್ಕಿದರೆ ಅಂತರಗಂಗೆ ಒಂದು ಪಕ್ಷದೊಳಗೆ ಇಮ್ಮಡಿಯಾಗುತ್ತದೆ. ಕೆರೆಯ 64ರಲ್ಲಿ ಒಂದು ಪಾಲನ್ನು ಅದು ಇಂದು ಹಿಡಿದಿದೆಯೆನ್ನಿ. ಹದಿನೈದು ದಿನಕ್ಕೊಮ್ಮೆ ಇಮ್ಮಡಿಯಾದರೆ ಎರಡು ತಿಂಗಳ ಕೊನೆಗೆ ಕಾಲು ಕೆರೆ. ಇನ್ನೂ ಮುಕ್ಕಾಲು ಪಾಲು ತಿಳಿನೀರು ಇದೆಯಲ್ಲ ಎಂದು ಊರವರು ಸುಮ್ಮನಿರುತ್ತಾರೆ. ಮುಂದಿನ ಒಂದೇ ತಿಂಗಳಲ್ಲಿ ಕೆರೆಯೇ ಕಾಣದು. ಮೊದಲ ದಿನ ನಾಲ್ಕು ಜನ ಮಧ್ಯಾಹ್ನದೊಳಗೆ ಮಾಡಬಹುದಾಗಿದ್ದ ಕೆಲಸಕ್ಕೆ ಆಮೇಲೆ ಯಂತ್ರ ಬೇಕು, ಹಣ ಬೇಕು. ತೆಗೆದರೂ ಕೆಸರಿನಲ್ಲಿ ಬೀಜ ವರ್ಷಾನುವರ್ಷ ಜೀವ ಹಿಡಿದಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಕೈಯಿಂದಾಗದ ಕಡೆ ವಿಜ್ಞಾನಿಗಳು ಕಳೆಯ ತವರಿನಿಂದಲೇ ಅದರ ಹಗೆಯನ್ನು ಕರೆತಂದಿದ್ದಾರೆ. ಸಾಲ್ವೀನಿಯ ಎಂಬ ನೀರುಗಳೆಗೆ ಬೀಜವೇ ಇಲ್ಲ. ಮುರಿದ ತುಂಡೇ ಹೊಸ ಗಿಡ. ಅದನ್ನು ತಿನ್ನುವ ಪುಟ್ಟ ಸೊಂಡಿಲಹುಳವೊಂದನ್ನು ಆಸ್ಟ್ರೇಲಿಯದಿಂದ ತರಿಸಿ 1983ರಲ್ಲಿ ಬೆಂಗಳೂರಿನ ಒಂದು ತಾವರೆಕೊಳದಲ್ಲಿ ಬಿಟ್ಟರು. ವರ್ಷದೊಳಗೆ ಕೊಳ ತಿಳಿಯಾಯಿತು. ಕೇರಳದ ನೀರುಗಳಲ್ಲಿಯೂ ಅದು ದೊಡ್ಡ ಉಪಕಾರ ಮಾಡಿತು. ಕಾಂಗ್ರೆಸ್ ಹುಲ್ಲಿನ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿಯೇ ಬಿಟ್ಟರು. ಕಮ್ಯುನಿಸ್ಟ್ ಗಿಡದ ಕಾಂಡದಲ್ಲಿ ಗಂಟು ಕಟ್ಟಿಸುವ ಒಂದು ನೊಣವನ್ನೂ ಇಂಡೋನೇಷ್ಯದಿಂದ ತಂದಿದ್ದಾರೆ. ಇಂತಹ ಜೀವಿ ಬೇರೆ ಬೆಳೆಯನ್ನು ಮುಟ್ಟದೆಂದು ಬಹುಕಾಲ ಪರೀಕ್ಷಿಸಿದ ಮೇಲೆಯೇ ಹೊರಗೆ ಬಿಡತಕ್ಕದ್ದು. ಮನೆಯವರು ಮಾಡುವ ಪ್ರಯೋಗವಲ್ಲ. ಹುಳವು ಕಳೆಯನ್ನು ನಿರ್ಮೂಲ ಮಾಡುವುದೂ ಇಲ್ಲ. ಅದರ ಸೊಕ್ಕನ್ನು ಇಳಿಸುತ್ತದೆ. ಉಳಿದದ್ದು ಮನುಷ್ಯನ ಕೈಗೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕೋಲಿನಿಂದ ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ಹಗೆಯನ್ನು ಕುರ್ಚಿ ಮಾಡಿ ಅದರ ಮೇಲೆ ಕುಳಿತುಕೊಳ್ಳುವುದು ಒಂದು ಬಗೆಯ ಜಯವೇ ಅಲ್ಲವೆ?

ಕೊನೆಯದಾಗಿ ಲೆಕ್ಕದ ಮಾತು. ಆಟದ ವನದೇವತೆ ನೂರಕ್ಕೆ ಎಷ್ಟೆಂದು ಹೇಳುತ್ತಾಳೆ. ನಮ್ಮ ಊರಿಗೆ ಅಂತಹವಳು ಇಲ್ಲ. ಆ ಕೆಲಸವನ್ನು ಶಾಲೆಯ ಮಕ್ಕಳು ಮಾಡಬಲ್ಲರು. ವರ್ಷಕ್ಕೊಮ್ಮೆ, ಒಂದೇ ತಿಂಗಳಲ್ಲಿ, ಊರಿನ ಒಂದು ಗುಡ್ಡೆ, ಒಂದು ಕೆರೆ, ಒಂದು ಫರ್ಲಾಂಗು ರಸ್ತೆಯ ಬದಿ, ಇಷ್ಟನ್ನು ನಡೆದು ನೋಡಿ, ನಕ್ಷೆಯಲ್ಲಿ ಕಳೆಯಿರುವೆಡೆಗೆ ಬಣ್ಣ ತುಂಬಲಿ. ಮೂರು ವರ್ಷದ ಮೂರು ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ, ಗೆಲ್ಲುತ್ತಿರುವವರು ನಾವೋ ಅದೋ ಎಂಬುದು ಪಂಚಾಯತಿಯವರಿಗೂ ಕಾಣುತ್ತದೆ. ನಮ್ಮ ಮನೆಗಳ ಹಿರಿಯರು ಆ ಮಕ್ಕಳೊಡನೆ ಗುಡ್ಡೆಗೆ ಹೋಗಿ ಇದು ಮುಳಿ, ಇದು ಕುಂಟಲ, ಇದು ಕೇಪುಳ ಎಂದು ತೋರಿಸಬೇಕು. ಯಾವುದನ್ನು ಉಳಿಸಬೇಕೆಂದು ತಿಳಿಯದವನ ಕೈಗೆ ಕತ್ತಿ ಕೊಟ್ಟರೆ, ಅವನು ಕಳೆಯ ಜೊತೆಗೆ ಬೆಳೆಯನ್ನೂ ಸವರಿಯಾನು.

ಬರುವ ದೀಪಾವಳಿಯ ದೀಪಗಳು ಆರಿದ ಮರುವಾರ ನಿಮ್ಮ ಕಂಪೌಂಡಿನ ಹೊರಗೆ ಹತ್ತು ಮಾರು ನಡೆದು ನೋಡಿ. ಬಿಳಿ ಮೊಗ್ಗು ಕಾಣುವ ಮೊದಲು ಕೀಳಲು ಅಷ್ಟರಲ್ಲಿ ಸಾಕಷ್ಟು ಕಾಲ ಉಳಿದಿರುತ್ತದೆ.